ಅತ್ತೆಗೆ ಬೇಕಾಗಿದ್ದ ಅಲರ್ಜಿ

ಡಾಕ್ಟರು "ನಿಮಗೇನೂ ಕಾಯಿಲೆ ಇಲ್ಲ" ಎಂದರೆ ಜಗಳಕ್ಕೆ ನಿಲ್ಲುವವರನ್ನು ನೋಡಿದ್ದೀರಾ? ಇಲ್ಲವಾದರೆ ಕತ್ರಿಗುಪ್ಪೆಗೆ ಬನ್ನಿ, ನಮ್ಮ ಸೋದರತ್ತೆಯನ್ನು ತೋರಿಸುತ್ತೇನೆ!

ಅತ್ತೆಯದು ಗಟ್ಟಿ ಜೀವ. ಅವರು ಮೆಣಸಿನಕಾಯಿ ಹುರಿದರೆ ಅಕ್ಕಪಕ್ಕದವರೆಲ್ಲ ಕೆಮ್ಮುತ್ತ ಬೀದಿಗೆ ಬರುತ್ತಾರೆ. ಒಲೆಯ ಮುಂದಿರುವ ಅತ್ತೆ ಮಾತ್ರ ಹಾಡು ಗುನುಗುತ್ತಿರುತ್ತಾರೆ. ಮಗಳು ತದ್ವಿರುದ್ಧ. ಊದುಬತ್ತಿ ಹಚ್ಚಿದರೆ ಸಾಕು, ಸೀನು ಶುರು. ಅವಳನ್ನು ಕೈಗೂಸಾಗಿದ್ದಾಗ ದತ್ತು ತಂದದ್ದು ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಅವಳು ಸೀನಿದಾಗಲೆಲ್ಲ ಅತ್ತೆಯ ವಾರಗಿತ್ತಿ, "ನಮ್ ಮನೇಲಿ ಯಾರಿಗೂ ಇಲ್ವಲ್ಲ, ಎಲ್ಲಿಂದ ಬಂತೋ ಇದು!" ಎಂದು ರಾಗ ಎಳೆಯುತ್ತಾರೆ. ಹುಡುಗಿ ಮುಖ ಚಿಕ್ಕದು ಮಾಡಿಕೊಂಡು ಒಳಗೆ ಹೋಗುತ್ತಾಳೆ. ಅತ್ತೆಯ ಕರುಳು ಚುರ್ ಎನ್ನುತ್ತದೆ.

ಕಳೆದ ವರ್ಷ ಮಗಳ ರಕ್ತ ಪರೀಕ್ಷೆಗೆಂದು ಜಯನಗರದ ಆಸ್ಪತ್ರೆಗೆ ಹೋದೆವು. ಅವಳದು ಮುಗಿದದ್ದೇ ತಡ, ಅತ್ತೆಯೂ ತೋಳು ಚಾಚಿದರು. "ನಂದೂ ತಗೊಳ್ಳಮ್ಮ." ರಿಪೋರ್ಟ್ ಬಂತು. ಅಲರ್ಜಿಯ ಸುಳಿವು ಕೊಡುವ ಐಜಿಇ ಎಂಬ ಅಂಶ ಮಗಳ ರಕ್ತದಲ್ಲಿ ಜಾಸ್ತಿ. ಅತ್ತೆಯದರಲ್ಲೂ ಜಾಸ್ತಿ!

"ಯೋಚ್ನೆ ಬೇಡಮ್ಮ," ಎಂದರು ಡಾಕ್ಟರು. "ಆರೋಗ್ಯವಾಗಿರೋ ಕೆಲವ್ರಲ್ಲೂ ಇದು ಜಾಸ್ತಿ ಇರತ್ತೆ. ಸೀನು, ಉಬ್ಬಸ, ತುರಿಕೆ ಏನೂ ಇಲ್ಲ ಅಂದ್ಮೇಲೆ ನಿಮ್ಗೆ ಅಲರ್ಜಿ ಇಲ್ಲ."

"ಅದ್ಹೆಂಗೆ ಇಲ್ಲ ಸಾರ್? ರಕ್ತದಲ್ಲೇ ಇದೆಯಲ್ಲ! ಸರಿಯಾಗಿ ನೋಡಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

ಆಟೋದಲ್ಲಿ ಅತ್ತೆ, "ಈಗ ಕೇಳ್ಲಿ ನಮ್ ವಾರಗಿತ್ತಿ, ಎಲ್ಲಿಂದ ಬಂತು ಅಂತ!" ಎಂದು ಬೀಗಿದರು. ಆದರೆ ಒಂದೇ ಒಂದು ಸೀನೂ ಇಲ್ಲದೆ ಯಾರು ನಂಬುತ್ತಾರೆ? ಸರಿ, ಖಾರದ ಪುಡಿ ಮಾಡಿಸುವ ನೆಪದಲ್ಲಿ ಹಿಟ್ಟಿನ ಗಿರಣಿಗೆ ಹೋಗಿ ಯಂತ್ರದ ಪಕ್ಕದಲ್ಲೇ ಮೂಗೊಡ್ಡಿ ನಿಂತರು. ಗಿರಣಿಯವನು ಸೀನಿದ, ನಾನು ಸೀನಿದೆ, ರಸ್ತೆಯಲ್ಲಿ ಹೋಗುತ್ತಿದ್ದವರೂ ಸೀನಿದರು. ಅತ್ತೆ? ಊಹೂಂ! "ಈ ದರಿದ್ರ ಮೂಗು ಒಂದ್ಸಲನಾದ್ರೂ ಸೀನ್ಬಾರ್ದಾ?" ಎಂದು ಬೈದುಕೊಳ್ಳುತ್ತ ಡಬ್ಬಿ ಹಿಡಿದು ಮನೆಗೆ ನಡೆದರು.

ಮೊನ್ನೆ ಸುಬ್ರಹ್ಮಣ್ಯಪುರದಲ್ಲಿ ನೆಂಟರ ಗೃಹಪ್ರವೇಶ. ಹೋಮದ ಹೊಗೆ ಎದ್ದಿತು, ಹುಡುಗಿ ಸೀನತೊಡಗಿದಳು, ವಾರಗಿತ್ತಿ ಶುರುಮಾಡಿದರು. "ನಮ್ ಮನೇಲಿ ಯಾರಿಗೂ..."

"ನಂಗಿದೆ ಅಕ್ಕ!" ಎಂದರು ಅತ್ತೆ, ಇಡೀ ಹಾಲಿಗೆ ಕೇಳುವಂತೆ. "ಟೆಸ್ಟ್ ಮಾಡ್ಸಿದೀನಿ. ಅವಳಿಗೆ ನನ್ನಿಂದಾನೇ ಬಂದಿರೋದು."

"ಅಯ್ಯೋ, ನೀನೇನು ಅವಳನ್ನ ಹೆತ್ತಿದ್ಯೇನೇ?"

ಅತ್ತೆ ಅಷ್ಟು ದೂರ ಯೋಚಿಸಿಯೇ ಇರಲಿಲ್ಲ. ಹುಡುಗಿ ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಾಳೆ. ಯಾರಿಂದ ಯಾರಿಗೆ ಏನು ಬರುತ್ತದೆ ಎಂಬುದು ನಮ್ಮೆಲ್ಲರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವಳು ಎದ್ದು ಬಂದು ಅತ್ತೆಗೆ ಒತ್ತಿಕೊಂಡು ಕೂತಳು, ಅವರ ಸೆರಗೆಳೆದು ಮೂಗು ಒರೆಸಿಕೊಂಡಳು.

"ಹೌದು ದೊಡ್ಡಮ್ಮ," ಎಂದಳು, "ನಂಗೆ ಎಲ್ಲಾ ನಮ್ಮಮ್ಮಂದೇ ಬಂದಿರೋದು."