ಗಾಳಕ್ಕೆ ಕಟ್ಟಿದ ಕುಚ್ಚು

ನಾನು ಹೊಸದೇನಾದರೂ ಕಲಿಯಲು ಕೂತರೆ ಊರಿನವರಿಗೆ ಬೇರೆ ಕೆಲಸವೇ ಇರುವುದಿಲ್ಲ. ಅದಕ್ಕೇ ಇಂಥ ಫಜೀತಿಗಳು ನನಗೆ ಆಗುತ್ತಲೇ ಇರುತ್ತವೆ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕಸುಬು. ಒಂದು ದಿನ ಮೊಬೈಲಿನಲ್ಲಿ ಯಾರೋ ಮುದುಕಪ್ಪ ಗಾಳದ ಕೊಕ್ಕೆಗೆ ರೇಷ್ಮೆ ದಾರ, ಜರಿ, ಉದ್ದನೆಯ ಪುಕ್ಕ ಸುತ್ತಿ, ಮೀನನ್ನು ಮರುಳು ಮಾಡುವ ಹುಳ ಕಟ್ಟುತ್ತಿದ್ದ. ಸ್ಕಾಟ್ಲೆಂಡಿನ ಸ್ಪೇ ನದಿಯವರ ಹಳೇ ಪದ್ಧತಿಯಂತೆ, ಹೆಸರು ಸ್ಪೇ ಫ್ಲೈ. ಇದೂ ಕುಚ್ಚೇ ತಾನೆ ಅಂತ ಶುರು ಮಾಡಿಯೇಬಿಟ್ಟೆ.

ನೊಣ

ಅತ್ತೆ ಬಗ್ಗಿ ನೋಡಿದರು. "ಏನವ್ವ ಅದು?"

"ಸ್ಪೇ ಫ್ಲೈ ಕಣತ್ತೆ. ಫ್ಲೈ ಅಂದ್ರೆ ನೊಣ."

"ಸ್ಪ್ರೇ ಒಡುದ್ರೆ ನೊಣ ಸಾಯ್ತವೆ. ಕೂರುಸ್ಕಂಡು ದಾರ ಯಾಕ್ ಸುತ್ತೀಯೆ?"

"ಮೀನು ಹಿಡಿಯಕ್ಕೆ."

ನಮ್ಮ ಮನೆ ಹೊಸಿಲನ್ನು ಮೊಟ್ಟೆ ಕೂಡ ದಾಟಿಲ್ಲ. ಅತ್ತೆ ಕೂಗಿದರು: "ಮೀನ್ ಇಡಿಯದಾ? ಇವತ್ತೇ ನಿಲ್ಸು!"

"ನಿಲ್ಸಲ್ಲ. ನೊಣ ತಿನ್ನೋದು ಮೀನು, ನಾನಲ್ಲ."

ಪುಕ್ಕ

ಹುಂಜದ ಪುಕ್ಕ ಬೇಕಿತ್ತು. ಭಾನುವಾರ ಕೋಳಿ ಅಂಗಡಿ ಸಾಲಿನಲ್ಲಿ ತಲೆ ಎತ್ತಿಕೊಂಡೇ ನಿಂತೆ.

"ಎಷ್ಟ್ ಕೆಜಿ ಅಕ್ಕಾ?"

"ಕೋಳಿ ಬ್ಯಾಡ. ಪುಕ್ಕ ಕೊಡಿ."

ಅಂಗಡಿಯವನು ಕತ್ತಿ ಕೆಳಗಿಟ್ಟ. "ಪುಕ್ಕದಲ್ಲಿ ಸಾರ್ ಎಂಗ್ ಮಾಡ್ತೀರಿ?"

ನಾನು ಮನೆ ಸೇರುವಷ್ಟರಲ್ಲಿ ಸುದ್ದಿ ಸೇರಿತ್ತು. ಅತ್ತೆ ಬಾಗಿಲಲ್ಲೇ ತಡೆದರು. ಚೀಲ ಸುರಿದು, "ಒಂದು ಚೂರು ಮಾಂಸ ಇದ್ರೆ ತೋರ್ಸಿ" ಅಂದೆ. ಅವರು ಕೋಲಿನಿಂದ ಕೆದಕಿ ಕೆದಕಿ ನೋಡಿದರು.

"ಕಾಸ್ ಕೊಟ್ಟು ಪುಕ್ಕ ತಂದ್ಯಾ? ಥೂ! ಕೋಳಿ ತಿಂದು ಬಂದಿದ್ರೇ ವಾಸಿಯಾಗಿತ್ತು."

ಪರೀಕ್ಷೆ

ಯಳಂದೂರಿನ ಕಡೆ ಕೆರೆಯಲ್ಲಿ ಮೀನು ಹಿಡಿಯುವವರೊಬ್ಬರಿಗೆ ನನ್ನ ಮೊದಲ ಫ್ಲೈ ಕೊಟ್ಟೆ. ಅವರು ನಕ್ಕರು. "ನಮ್ಮ್ ಮೀನು ರಾಗಿ ಇಟ್ಟಿನ ಉಂಡೆ ತಿನ್ನೋವು ಕಣಕ್ಕ."

"ದಿನಾ ಅದೇ ತಿಂದು ಅವಕ್ಕೂ ಬೇಜಾರಾಗಿರ್ತದೆ. ಹಾಕಿ."

ದಾರ ಜಗ್ಗಿತು. ಎಳೆದರು. ಬರೀ ಕೊಕ್ಕೆ ಬಂತು. ರೇಷ್ಮೆ ಇಲ್ಲ, ಪುಕ್ಕ ಇಲ್ಲ.

"ಮೀನೆಲ್ಲಿ?"

"ಕೊಕ್ಕೆ ಸೀರೆ ಬಿಚ್ಕಂಡು ಓಯ್ತು ಕಣಕ್ಕ!"

ದಡದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಗಲಿ. ಹದಿನೈದು ದಿನ ಬೆರಳು ಚುಚ್ಚಿಸಿಕೊಂಡು ಗಂಟು ಬಿಗಿಯುವುದನ್ನೇ ಕಲಿತೆ.

ಮದುವೆ

ಆ ದಿನಗಳಲ್ಲೇ ಹನೂರಿನ ಮದುವೆ ಸೀರೆಯೊಂದಕ್ಕೆ ಕುಚ್ಚು ಕಟ್ಟಿ ಕಳಿಸಿದೆ. ಮೇಜಿನ ಮೇಲಿದ್ದ ಒಂದು ಫ್ಲೈ ಅದರ ಕುಚ್ಚುಗಳ ನಡುವೆ ಸಿಕ್ಕಿಕೊಂಡಿದ್ದು ನನಗೆ ಗೊತ್ತೇ ಆಗಲಿಲ್ಲ. ಬಣ್ಣವೂ ಅದೇ, ರೇಷ್ಮೆಯೂ ಅದೇ.

ವಾರ ಕಳೆದು ಮದುಮಗಳ ತಾಯಿ ನನ್ನ ಕುಚ್ಚಿನ ಅಂಗಡಿಗೆ ನುಗ್ಗಿದರು.

"ಏನ್ ಕಟ್ಟಿದ್ರಿ ನೀವು? ಐನೋರು ಸೆರಗು ಶಲ್ಯದ ಗಂಟು ಬಿಚ್ಚುದ್ರು, ಗಂಡು ಮಾತ್ರ ಬಿಡ್ನಿಲ್ಲ! ಶಲ್ಯಕ್ಕೆ ಕೊಕ್ಕೆ ಕಚ್ಕಂಡದೆ. ಎಣ್ಣು ಬಚ್ಚಲಿಗೆ ಒಂಟ್ರೆ ಗಂಡೂ ಇಂದೆ ಇಂದೆ ಓಯ್ತಾನೆ! ಛತ್ರದೋರೆಲ್ಲ ನಗಾಡುದ್ರು. ಎಲ್ಲ ಸೇರಿ ಎಳುದ್ರೂ ಬರ್ನಿಲ್ಲ, ಕೊನೀಗೆ ಶಲ್ಯನೇ ಕತ್ತರುಸ್ಬೇಕಾಯ್ತು!"

"ಕೊಕ್ಕೆ ಬಂದಿದ್ದು ನನ್ನ ತಪ್ಪು, ಶಲ್ಯ ನಾನೇ ಕೊಡಿಸ್ತೀನಿ. ಆದ್ರೆ ಅಷ್ಟು ಜನ ಎಳೆದ್ರೂ ನನ್ನ ಗಂಟು ಬಿಚ್ಚಿತಾ? ಹೇಳಿ."

ಆಯಮ್ಮ ಸುತ್ತ ನೋಡಿ, ಚೀಲದಿಂದ ಇನ್ನೊಂದು ಸೀರೆ ತೆಗೆದು ಮೆಲ್ಲಗೆ ಅಂದರು:

"ದೊಡ್ಡ ಅಳಿಯ ಒಂದ್ ದಿನಾನೂ ಮನೇಲಿ ನಿಲ್ಲಕಿಲ್ಲ. ದೊಡ್ಡ ಮಗಳ್ ಸೀರೆಗೂ ಅಂತದೊಂದು ಕೊಕ್ಕೆ ಆಕ್ಬುಡಿ."