ಹುಡುಗೀನ ನೋಡೋಕೆ ಬಂದವರು

ಬೆಳಗಿನ ಹೊತ್ತು ಹಾಲಿನ ಡೇರಿಯಲ್ಲಿ ಯಾರೂ ಮನೆ ವಿಷಯ ಬಾಯಿ ಬಿಡಬಾರದು. ದಿಬ್ಬೂರಹಳ್ಳಿ ಡೇರಿಯಲ್ಲಿ ಇಷ್ಟು ವರ್ಷ ಹಾಲು ಅಳೆದ ವೆಂಕಟರಾಯಪ್ಪನಿಗೆ ಇದು ಗೊತ್ತಿರಬೇಕಿತ್ತು. ಆದರೂ ಅವತ್ತು ಖುಷಿ ತಡೆಯಲಾಗದೆ ಹೇಳಿಯೇಬಿಟ್ಟ.

"ಬೇಗ ಬೇಗ ಕ್ಯಾನು ತನ್ರಮ್ಮಾ. ಮಧ್ಯಾಹ್ನ ಬೆಂಗ್ಳೂರಿಂದ ನಮ್ಮ ಹುಡುಗೀನ ನೋಡೋಕೆ ಬರ್ತಾವ್ರೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಗಳು ಅಮೃತ ಐದು ಸಾವಿರ ಮೀಟರ್ ಓಟದಲ್ಲಿ ರಾಜ್ಯಕ್ಕೇ ಮೊದಲು ಬಂದಿದ್ದಳು. ಮುಂದಿನ ತಿಂಗಳು ರಾಷ್ಟ್ರಮಟ್ಟದ ಓಟ. ಅವಳ ಶೂ ಮಾತ್ರ ಸೈಕಲ್ ಟ್ಯೂಬಿಗೆ ಹಚ್ಚುವ ಸಲ್ಯೂಷನ್ನಿನ ಕೃಪೆಯಿಂದ ಒಂದಾಗಿ ನಿಂತಿತ್ತು. ಕಷ್ಟದಲ್ಲಿರುವ ಕ್ರೀಡಾಪಟುಗಳಿಗೆ ಶೂ, ತರಬೇತಿ, ಪ್ರಯಾಣ ಎಲ್ಲಕ್ಕೂ ಅನುದಾನ ಕೊಡುವ ಟ್ರಸ್ಟೊಂದಕ್ಕೆ ವೆಂಕಟರಾಯಪ್ಪ ಅರ್ಜಿ ಹಾಕಿದ್ದ. ಆ ಸರ್ಟಿಫಿಕೇಟು, ಈ ಜೆರಾಕ್ಸು ಅಂತ ಅಲೆದಲೆದು ಅವನ ಚಪ್ಪಲಿಯೂ ಮಗಳ ಶೂ ಗತಿಗೇ ಬಂದಿತ್ತು. ಉಳಿದಿದ್ದು ಒಂದೇ. ಟ್ರಸ್ಟಿನವರೊಬ್ಬರು ಬಂದು ಮನೆ ನೋಡಿ, ಹುಡುಗಿಯನ್ನು ನೋಡಿ, ಇವರಿಗೆ ನಿಜವಾಗಿಯೂ ಕಷ್ಟವಿದೆ ಅಂತ ಸಹಿ ಹಾಕಬೇಕು. ಅದಕ್ಕೆ ಅವತ್ತೇ ಕಡೇ ದಿನ.

ಆದರೆ ಸಾಲಿನಲ್ಲಿ ಮುಂದೆ ನಿಂತಿದ್ದವಳು ಪಕ್ಕದ ಮನೆ ಗಂಗುಲಮ್ಮ. ಹುಡುಗಿ ನೋಡೋಕೆ ಬರುತ್ತಾರೆ ಅನ್ನುವುದಕ್ಕೆ ಅವಳ ಲೆಕ್ಕದಲ್ಲಿ ಒಂದೇ ಅರ್ಥ. ಖಾಲಿ ಕ್ಯಾನು ಅಲ್ಲೇ ಮರೆತು ಊರೊಳಕ್ಕೆ ಓಡಿದಳು.

ಡೇರಿ ಕೆಲಸ ಮುಗಿಸಿ ಮನೆಗೆ ಬಂದ ವೆಂಕಟರಾಯಪ್ಪನಿಗೆ ಅದು ತನ್ನ ಮನೆಯೇ ಹೌದೋ ಅಲ್ಲವೋ ಎಂದು ಅನುಮಾನ ಬಂತು. ಬಾಗಿಲಲ್ಲಿ ಎದುರುಮನೆ ಕೆಂಪರಾಜುವಿನ ಬಿಳಿ ಕಾರು. ಒಳಗೆ ಕೆಂಪರಾಜುವಿನದೇ ಕೆಂಪು ಸೋಫಾ. ಮೂಲೆಯಲ್ಲಿ ಒಂದು ಫ್ರಿಜ್ಜು. ಅದಕ್ಕೆ ಕರೆಂಟು ಕೊಡಲು ಗೋಡೆಯಲ್ಲಿ ಪ್ಲಗ್ಗೇ ಇರಲಿಲ್ಲ, ಮೇಲೆ ಹೂದಾನಿ ಇಟ್ಟಿದ್ದರು. ನಡುಮನೆಯಲ್ಲಿ ಅಮೃತ ರೇಷ್ಮೆ ಸೀರೆ ಉಟ್ಟು, ಕುತ್ತಿಗೆ ತುಂಬ ಗಂಗುಲಮ್ಮನ ಒಡವೆ ಹೇರಿಕೊಂಡು, ಸಿಟ್ಟಿನಿಂದ ಧುಮುಗುಡುತ್ತಾ ಕೂತಿದ್ದಳು.

"ಅಪ್ಪಾ, ನನಗೆ ಮದುವೆ ಅಂತೆ! ನನ್ನ ಒಂದು ಮಾತು ಕೇಳಲ್ವಾ?"

"ಅಯ್ಯೋ, ಯಾರಮ್ಮ ಹೇಳಿದ್ದು?"

"ನೀನೇ ಕಣಪ್ಪ ಹೇಳಿದ್ದು, ಡೇರೀಲಿ," ಎಂದಳು ಗಂಗುಲಮ್ಮ. "ಬೆಂಗ್ಳೂರೋರು ಅಂದ್ರೆ ಸುಮ್ನೇನಾ? ಬರೀ ಗೋಡೆ ತೋರ್ಸಿದ್ರೆ ಬಂದ ದಾರೀಲೇ ವಾಪಸ್ ಹೋಗ್ತಾರೆ. ಊರು ಅಂತ ಇರೋದ್ಯಾಕೆ?"

ವೆಂಕಟರಾಯಪ್ಪ ಹಣೆ ಚಚ್ಚಿಕೊಂಡ. "ಗಂಗುಲಮ್ಮಾ, ಬರೀ ಗೋಡೆ ನೋಡೋಕೇ ಕಣಮ್ಮ ಅವ್ರು ಬರ್ತಿರೋದು! ಬಡವ್ರು ಅಂತ ಗೊತ್ತಾದ್ರೇನೇ ದುಡ್ಡು ಕೊಡೋದು! ತೆಗೀರಿ ಎಲ್ಲಾನೂ!"

ಗಂಗುಲಮ್ಮನಿಗೆ ಇದು ತಲೆಗೇ ಹತ್ತಲಿಲ್ಲ. ಬಡವರ ಮನೆ ಹೆಣ್ಣು ಕೇಳಿ ದುಡ್ಡನ್ನೂ ಕೊಡುವ ಬೀಗರು ಎಲ್ಲಿರುತ್ತಾರೆ? ಪಾಪ, ಗಾಬರಿಯಲ್ಲಿ ಏನೇನೋ ಮಾತಾಡುತ್ತಿದ್ದಾನೆ ಅಂದುಕೊಂಡಳು.

ವೆಂಕಟರಾಯಪ್ಪ ಪಂಚೆ ಮೇಲೆ ಕಟ್ಟಿದ. ಸಾಮಾನು ಹೊರಹಾಕುವ ಮೊದಲು ಇನ್ನೊಂದು ಕೆಲಸವಿತ್ತು. ತಾಯಿ ಅಕ್ಕಯ್ಯಮ್ಮನನ್ನು ಅಡುಗೆಮನೆಯಲ್ಲಿ ಕೂರಿಸಿ ಕೈಮುಗಿದ. "ಅವ್ವಾ, ಬಂದವ್ರ ಹತ್ರ ಇವತ್ತೊಂದಿನ ಮಾತಾಡ್ಬೇಡ."

ಅಕ್ಕಯ್ಯಮ್ಮನಿಗೆ ನೆಂಟಸ್ತಿಕೆ ಹುಡುಕುವ ಹುಚ್ಚು. ಬಸ್ಸು ಹತ್ತಿದರೆ ಶಿಡ್ಲಘಟ್ಟ ಬರುವಷ್ಟರಲ್ಲಿ ಕಂಡಕ್ಟರು ಅವಳ ತಂಗಿಯ ಅಳಿಯನ ತಮ್ಮನಾಗಿರುತ್ತಿದ್ದ. "ನಾನ್ಯಾಕಪ್ಪ ಮಾತಾಡ್ಲಿ?" ಎಂದು ಮುಖ ತಿರುಗಿಸಿದಳು.

ಸೋಫಾ ಒಳಗೆ ಬಂದ ಹಾಗೆ ಹೊರಗೆ ಹೋಗಲು ಒಪ್ಪಲಿಲ್ಲ. ವೆಂಕಟರಾಯಪ್ಪ ಒಳಗಿಂದ ನೂಕಿದ, ಕೆಂಪರಾಜು ಗೊಣಗಿಕೊಂಡೇ ಹೊರಗಿಂದ ಎಳೆದ. ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಬೈಕೊಂದು ಬಂದು ನಿಂತಿತು. ಕನ್ನಡಕದ ಯುವಕನೊಬ್ಬ ಇಳಿದು ಸೋಫಾ ನೋಡಿದ, ಕಾರು ನೋಡಿದ.

"ನಮಸ್ಕಾರ. ನಾನು ರಮೇಶ್‌ಬಾಬು, ಟ್ರಸ್ಟಿಂದ. ಹೊಸ ಸೋಫಾ ತಂದ್ರಾ?"

"ಇಲ್ಲ ಸಾರ್! ವಾಪಸ್ ಕಳಿಸ್ತಾ ಇದೀವಿ! ಇದು ನಮ್ದಲ್ಲ ಸಾರ್, ಈ ಕೆಂಪರಾಜುದು. ಕಾರೂ ಅವನ್ದೇ. ಹೇಳೋ ಕೆಂಪರಾಜು!"

ಕೆಂಪರಾಜು ಎದೆಯುಬ್ಬಿಸಿದ. ಊರಿನ ಮರ್ಯಾದೆ ಈಗ ಅವನ ಕೈಯಲ್ಲಿತ್ತು.

"ನಂದಾ? ನಂಗೆಲ್ಲಿ ಬರ್ಬೇಕು ಸಾರ್ ಕಾರು? ಎಲ್ಲಾ ಇವ್ರ್ದೇ. ದೊಡ್ಡ ಮನುಷ್ಯ, ಹೇಳ್ಕೊಳ್ಳಲ್ಲ."

"ಒಡವೇನೂ ಅವ್ರ್ದೇ," ಎಂದು ಗಂಗುಲಮ್ಮ ಒಳಗಿಂದ ಕೂಗಿದಳು. "ಇನ್ನೂ ಬೇಕಾದಷ್ಟು ಬೀರೂಲಿ ಐತೆ!"

ಆ ಮನೆಯಲ್ಲಿ ಬೀರು ಇರಲೇ ಇಲ್ಲ. ರಮೇಶ್‌ಬಾಬು ಸೋಫಾ ಹತ್ತಿ ಒಳಗಿಳಿದು, ಫೈಲು ತೆಗೆದು, ಗಂಭೀರವಾಗಿ ತಲೆಯಾಡಿಸಿದ. ವೆಂಕಟರಾಯಪ್ಪನ ಇಷ್ಟು ದಿನದ ಅಲೆದಾಟ ಎಲ್ಲಾ ನೀರಲ್ಲಿ ಹೋಮ.

ಆಗ ಅಮೃತ ಎದ್ದಳು. ಒಡವೆಗಳನ್ನು ಒಂದೊಂದೇ ಬಿಚ್ಚಿ ಗಂಗುಲಮ್ಮನ ಮಡಿಲಿಗೆ ಹಾಕಿದಳು. ಸೀರೆ ಎತ್ತಿ ಸಿಕ್ಕಿಸಿಕೊಂಡು, ಒಳಗಿಂದ ತನ್ನ ಶೂ ತಂದು ರಮೇಶ್‌ಬಾಬುವಿನ ಕೈಗಿಟ್ಟಳು.

"ಸಾರ್, ಇಲ್ಲಿ ಇದೊಂದೇ ನಮ್ದು."

ರಮೇಶ್‌ಬಾಬು ಶೂ ತಿರುಗಿಸಿ ನೋಡಿದ. ಅಟ್ಟೆ ಬಾಯಿ ತೆರೆದುಕೊಂಡು ಅವನ ಬೆರಳು ಕಚ್ಚಿತು.

"ಇದ್ರಲ್ಲಿ ಓಡಿ ಗೆದ್ರೇನಮ್ಮ?"

"ಕಡೇ ಸುತ್ತು ಬರಿಗಾಲಲ್ಲಿ ಓಡ್ದೆ ಸಾರ್. ಇದು ಬಿಟ್ಕೊಂತು."

ಕೆಂಪರಾಜು ನೆಲ ನೋಡಿದ. "ಸೋಫಾ ನಂದೇ ಸಾರ್," ಎಂದ ಮೆಲ್ಲಗೆ.

"ಗೊತ್ತಾಯ್ತು ಬಿಡ್ರಿ," ಎಂದು ರಮೇಶ್‌ಬಾಬು ನಕ್ಕ. "ಸೋಫಾನ ಯಾರಾದ್ರೂ ಎರವಲು ಕೊಡ್ತಾರೆ. ಇಂಥ ಶೂ ಯಾರ್ ಕೊಡ್ತಾರೆ?" ಜೇಬಿನಿಂದ ಪೆನ್ನು ತೆಗೆದ. ವೆಂಕಟರಾಯಪ್ಪನ ಕಣ್ಣಲ್ಲಿ ನೀರು ಬಂತು.

ಅಕ್ಕಯ್ಯಮ್ಮ ಕಾಫಿ ತಂದಳು. ಮಾತಾಡಬೇಡ ಎಂದಿದ್ದನೇ ಹೊರತು ಕಾಫಿ ಕೊಡಬೇಡ ಎಂದಿರಲಿಲ್ಲ. ಲೋಟ ಕೊಟ್ಟವಳು ಅವನ ಮೂಗನ್ನೇ ದಿಟ್ಟಿಸಿದಳು.

"ಎವರಬ್ಬಾಯಿ ನುವ್ವು?" ಎಂದು ತೆಲುಗಿನಲ್ಲೇ ಶುರುಮಾಡಿದಳು. "ಯಾರಪ್ಪಾ ನೀನು? ಯಾರ ಮಗನಪ್ಪಾ?"

"ಅವ್ವಾ!" ಎಂದು ಕಿರುಚಿದ ವೆಂಕಟರಾಯಪ್ಪ.

"ಕೇಳ್ಲಿ ಬಿಡಿ," ಎಂದ ರಮೇಶ್‌ಬಾಬು. ಒಳ್ಳೆಯ ಹುಡುಗ. "ನಮ್ದು ಚಿಂತಾಮಣಿ, ಅಜ್ಜಿ. ಅಮ್ಮಂದು ಪೆರೇಸಂದ್ರ."

"ಪೆರೇಸಂದ್ರದಲ್ಲಿ ಯಾರ ಮನೆ?"

"ಚೆನ್ನರಾಯಪ್ಪನೋರ ಮನೆ. ನಮ್ಮ ತಾತ."

ಅಕ್ಕಯ್ಯಮ್ಮ ಅವನ ಗಲ್ಲ ಹಿಡಿದುಕೊಂಡಳು. "ಅಯ್ಯೋ ನನ್ನಪ್ಪಾ! ಚೆನ್ನರಾಯಪ್ಪ ನಮ್ಮ ದೊಡ್ಡಪ್ಪನ ಮಗ ಕಣೋ! ನಿಮ್ಮಮ್ಮನ್ನ ಎತ್ತಿ ಆಡಿಸಿದೀನಿ!"

"ಅಮ್ಮ ಯಾವಾಗ್ಲೂ ದಿಬ್ಬೂರಹಳ್ಳಿ ಅತ್ತೆ, ದಿಬ್ಬೂರಹಳ್ಳಿ ಅತ್ತೆ ಅಂತಿದ್ರು. ಅದು ನೀವೇನಾ?" ರಮೇಶ್‌ಬಾಬು ಎದ್ದು ಅವಳ ಕಾಲಿಗೆ ಬಿದ್ದ.

"ಅಂಗಾದ್ರೆ ವೆಂಕಟರಾಯ ನಿನಗೆ ಚಿಕ್ಕಪ್ಪ. ಅಮೃತಂಗೆ ನೀನು ಅಣ್ಣ!"

"ಅಣ್ಣ ಆದ್ರೆ ಮದುವೆ ಹೆಂಗಾಗುತ್ತೆ?" ಎಂದು ಗಂಗುಲಮ್ಮ ಕಂಗಾಲಾದಳು.

ಅವಳ ಮಾತು ಯಾರಿಗೂ ಬೇಕಿರಲಿಲ್ಲ. ಕಾಲಿಗೆ ಬಿದ್ದು ಎದ್ದ ರಮೇಶ್‌ಬಾಬು ಕೈಯಲ್ಲಿದ್ದ ಪೆನ್ನು ನೋಡಿದ. ಮುಖದ ನಗು ನಿಧಾನವಾಗಿ ಇಳಿಯಿತು. ಪೆನ್ನಿಗೆ ಕ್ಯಾಪು ಹಾಕಿದ.

"ಚಿಕ್ಕಪ್ಪಾ," ಎಂದ. "ನಮ್ಮ ಟ್ರಸ್ಟಲ್ಲಿ ಒಂದು ರೂಲ್ ಇದೆ. ನೆಂಟರ ಅರ್ಜಿಗೆ ನಾವು ಸಹಿ ಹಾಕೋ ಹಾಗಿಲ್ಲ. ಬೇರೆಯೋರು ಬಂದು ನೋಡ್ಬೇಕು. ಅದು ಇನ್ನು ಮುಂದಿನ ವರ್ಷಾನೇ."

ವೆಂಕಟರಾಯಪ್ಪ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಸೋಫಾದ ಮೇಲೆ ಕುಸಿದು ಕೂತ. ಅಮೃತ ಶೂ ವಾಪಸ್ ತೆಗೆದುಕೊಂಡಳು. ಗೂಡಿನಲ್ಲಿದ್ದ ಸಲ್ಯೂಷನ್ ಟ್ಯೂಬನ್ನು ತಂದು ಅಟ್ಟೆಗೆ ಹಚ್ಚಿ, ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ಇದ್ರಲ್ಲೇ ಓಡ್ತೀನಪ್ಪ. ಗೆದ್ದೇ ಬರ್ತೀನಿ. ಮುಂದಿನ ವರ್ಷಕ್ಕೆ ಅರ್ಜಿ ನೀನು ಹಾಕು."

"ಹಾಕ್ತೀನಿ ಮಗಳೇ. ನಾಳೇನೇ ಹಾಕ್ತೀನಿ," ಎಂದು ವೆಂಕಟರಾಯಪ್ಪ ಹಲ್ಲು ಕಚ್ಚಿಕೊಂಡು ಎದ್ದ.

"ನಮ್ಮ ಆಫೀಸಲ್ಲಿ ಬೀದರಿನೋರು ಒಬ್ರಿದಾರೆ," ಎಂದು ರಮೇಶ್‌ಬಾಬು ಸಮಾಧಾನ ಹೇಳಿದ. "ಮುಂದಿನ ಸಲ ಅವ್ರನ್ನೇ ಕಳಿಸೋಕೆ ಹೇಳ್ತೀನಿ. ಅಷ್ಟು ದೂರದೋರಿಗೆ ಇಲ್ಲಿ ಯಾರ ನೆಂಟಸ್ತಿಕೇನೂ ಇರಲ್ಲ."

ಅಕ್ಕಯ್ಯಮ್ಮ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೊರಟವಳು ಹೊಸಿಲಲ್ಲೇ ನಿಂತಳು.

"ಬೀದರಾ?" ಎಂದಳು. "ಬೀದರಿನಲ್ಲಿ ಯಾರ ಮನೆಯಂತಪ್ಪಾ?"