ಐದರಲ್ಲಿ ಒಂದು ಕಿವುಡು

ಆ ಗುರುವಾರ ಅಂಬಾದಾಸನ ತಲೆಯ ಮೇಲೆ ಬಂದು ಬಿದ್ದ ಆಪತ್ತಿಗೆ ಕಾರಣ ಎರಡೇ ಅಕ್ಷರ: ‘ಮೂಸಾ’.

ಹೈದರಾಬಾದಿನಲ್ಲಿ ಅವನು ಕೆಲಸ ಮಾಡುತ್ತಿದ್ದ ಟ್ಯಾಕ್ಸಿ ಕಂಪನಿಯ ಗಾಡಿಯೊಂದು ಬೆಳಿಗ್ಗೆ ಏಳು ಮಂದಿ ಕಾಲ್ ಸೆಂಟರಿನವರನ್ನು ತುಂಬಿಕೊಂಡು ಹೈಟೆಕ್ ಸಿಟಿಗೆ ಹೊರಟಿತ್ತು. ಮೂಸಾಪೇಟದಲ್ಲಿ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಡ್ರೈವರ್ ಗಾಡಿಯೊಳಗಿನ ರೇಡಿಯೊ ಎತ್ತಿ ಅಮೀರ್‌ಪೇಟದ ಆಫೀಸಿಗೆ ಸುದ್ದಿ ಮುಟ್ಟಿಸಿದ. ಅಲ್ಲಿ ಮೈಕಿನ ಮುಂದೆ ಕೂತಿದ್ದ ಧನಶ್ರೀಗೆ ಕೇಳಿಸಿದ್ದು ‘ಮೂಸಾ’ ಅಷ್ಟೇ. ಉಳಿದದ್ದು ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು. ಆಕೆ ಬದಲಿ ಗಾಡಿಯನ್ನು ಮೂಸಾರಾಂಬಾಗಿಗೆ ಕಳಿಸಿದಳು. ಅದು ಊರಿನ ಇನ್ನೊಂದು ತುದಿ. ಬದಲಿ ಡ್ರೈವರ್ ಅಲ್ಲಿ ಗಲ್ಲಿ ಗಲ್ಲಿ ತಿರುಗುತ್ತಿರುವಾಗ ಏಳು ಮಂದಿ ಇಲ್ಲಿ ಒಂದೂವರೆ ತಾಸು ಬಿಸಿಲಿಗೆ ಬೆಂದರು. ಕಾಲ್ ಸೆಂಟರಿನ ಮ್ಯಾನೇಜರು ಕಂಪನಿಯ ಮಾಲೀಕರಾದ ರಾಮದಾಸ ಸಾಹೇಬರಿಗೆ ಫೋನ್ ಮಾಡಿದರು. ಸಾಹೇಬರು ರೇಡಿಯೊ ನೋಡಿಕೊಳ್ಳುತ್ತಿದ್ದ ಅಂಬಾದಾಸನನ್ನು ಕರೆಸಿದರು.

“ರವಿವಾರ ನೀನು ಹೊಸ ರಿಪೀಟರ್ ಕೂಡಿಸ್ದಿ. ಸೋಮವಾರದಿಂದ ದೂರದ ಗಾಡಿ ಮಾತು ಕೇಳವಲ್ದು. ಹೌದಿಲ್ಲೋ?”

“ಎಲ್ಲಾ ಗಾಡಿದೂ ಅಲ್ರೀ ಸಾಹೇಬ್ರ. ಒಮ್ಮೊಮ್ಮೆ ಅಷ್ಟ...”

“ಒಮ್ಮೊಮ್ಮೆ ಕೇಳಲಿಕ್ಕೆ ಅದೇನು ಸೊಸಿ ಮಾತೇನು? ಇವತ್ತ ಸಂಜಿ ಐದಕ್ಕ ಮೈಕಿನ ಮುಂದ ನಾನ ಕೂಡತೀನಿ. ನೂರಾ ಇಪ್ಪತ್ತು ಗಾಡಿಗೂ ನನ್ನ ಮಾತು ಮುಟ್ಟಬೇಕು. ಒಬ್ಬೊಬ್ಬನೂ ತಿರುಗಿ ‘ಕೇಳಿಸ್ತು’ ಅನ್ನಬೇಕು. ಒಂದು ಗಾಡಿ ತಪ್ಪಿದ್ರ ನಾಳೆ ನೀನು ಬರೋದು ಬ್ಯಾಡ.”

ರಿಪೀಟರ್ ಎಂದರೆ ಗಾಡಿಗಳ ಸಣ್ಣ ದನಿಯನ್ನು ಎತ್ತರದಲ್ಲಿ ಕೂತು ಹಿಡಿದು, ಜೋರು ಮಾಡಿ ಊರಿಗೆಲ್ಲ ಬಿತ್ತರಿಸುವ ಪೆಟ್ಟಿಗೆ. ಹಳೆಯ ಐದು ಪೆಟ್ಟಿಗೆಗಳು ನೆಟ್ಟಗೆ ನಡೆಯುತ್ತಿದ್ದವು. ಹೊಸವು ಬೇಕೇ ಬೇಕೆಂದು ಆರು ತಿಂಗಳು ಸಾಹೇಬರ ಬೆನ್ನು ಹತ್ತಿದವನು ಅಂಬಾದಾಸನೇ. ಈ ಕೆಲಸ ಹೋದರೆ ನಾಚಾರಂನ ಟಿವಿ ರಿಪೇರಿ ಅಂಗಡಿಯ ಹಳೇ ಸ್ಟೂಲೇ ಗತಿ. ಅವನ ಹೆಂಡತಿ ಗೋದಾವರಿ ಬೀದರದ ನೆಂಟರಿಗೆಲ್ಲ ‘ನಮ್ಮವರು ವೈರ್‌ಲೆಸ್ ಇಂಜಿನಿಯರ್’ ಎಂದು ಹೇಳಿ ಮೂರು ವರ್ಷವಾಗಿತ್ತು.

ಬಂಜಾರಾ ಹಿಲ್ಸಿನ ದಿಬ್ಬದ ಮೇಲೆ ಆರಂತಸ್ತಿನ ಒಂದು ಅಪಾರ್ಟ್‌ಮೆಂಟ್. ಅದರ ಮಾಳಿಗೆಯ ತಗಡಿನ ಕೋಣೆಯಲ್ಲಿ ಹೊಸ ಐದು ರಿಪೀಟರುಗಳಿದ್ದವು. ಅಂಬಾದಾಸ ಬೀಗ ತೆಗೆಯುವಷ್ಟರಲ್ಲಿ ಹಿಂದಿನಿಂದ ಕೆಮ್ಮು ಕೇಳಿತು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಸೂರ್ಯನಾರಾಯಣರು. ವಿದ್ಯುತ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇದ್ದು ನಿವೃತ್ತರಾದವರು. ಅಷ್ಟೂ ವರ್ಷ ನೌಕರರ ರಜೆ ಅರ್ಜಿ ನೋಡಿಕೊಂಡಿದ್ದರೂ ಕರೆಂಟಿನ ಮಾತು ಬಂದರೆ ಸುಮ್ಮನಿರುವವರಲ್ಲ.

“ಏನಾಗೇದ ಅಂಬಾದಾಸ? ದೂರ ಮುಟ್ಟವಲ್ದಾ? ಪವರ್ ಹೆಚ್ಚು ಮಾಡು. ದೀಪ ಮಂದ ಆದ್ರ ಏನ್ ಮಾಡತೇವಿ?”

ತಕರಾರು ಪವರಿನದಲ್ಲ ಎಂದು ಅಂಬಾದಾಸನಿಗೆ ಗೊತ್ತಿತ್ತು. ಆಫೀಸಿನ ಮಾತು ಗಾಡಿಗಳಿಗೆ ಚೆನ್ನಾಗಿಯೇ ಮುಟ್ಟುತ್ತಿತ್ತು, ಗಾಡಿಗಳ ಮಾತು ಆಫೀಸಿಗೆ ಬರುತ್ತಿರಲಿಲ್ಲ. ಕಿವಿ ಕೇಳದವನಿಗೆ ಗಂಟಲು ದೊಡ್ಡದು ಮಾಡಿದರೆ ಏನು ಬಂತು? ಆದರೆ ಹೆದರಿದ ಮನುಷ್ಯ ಯಾರ ಮಾತನ್ನಾದರೂ ಕೇಳುತ್ತಾನೆ. ಐದೂ ಪೆಟ್ಟಿಗೆಗಳ ಪವರನ್ನು ಕೊನೆಯವರೆಗೆ ಏರಿಸಿದ. ಏರ್‌ಪೋರ್ಟ್ ಬರುತ್ತದಂತೆ ಎಂದು ಜನ ಜಾಗ ನೋಡಲು ಮುಗಿಬಿದ್ದಿದ್ದ ಶಂಶಾಬಾದ್ ಕಡೆಗೆ ಹುಲಗೇಶ ಗಿರಾಕಿಗಳನ್ನು ಕರೆದೊಯ್ದಿದ್ದ. ರಾಯಚೂರು ಕಡೆಯ ಡ್ರೈವರ್. ಅಂಬಾದಾಸ ಕೈಯಲ್ಲಿದ್ದ ರೇಡಿಯೊ ಸೆಟ್ಟಿನಲ್ಲಿ ಅವನನ್ನು ಕರೆದ.

“ಹುಲಗೇಶ, ಒಂದರಿಂದ ಹತ್ತರ ತನಕ ಎಣಿಸು.”

“ಒಂದು, ಎರಡು...” ಆಮೇಲೆ ಬರೀ ಸಾಸಿವೆ.

ಇನ್ನೊಮ್ಮೆ ಕರೆದರೆ ಹತ್ತರ ತನಕವೂ ಗಂಟೆ ಹೊಡೆದಂತೆ ಕೇಳಿಸಿತು. ಮೂರನೆಯ ಸಲ ಹಾಗೇ. ನಾಲ್ಕನೆಯ ಸಲ ಮತ್ತೆ ಸಾಸಿವೆ. ಹುಲಗೇಶನ ಗಾಡಿ ರಸ್ತೆ ಬದಿ ನಿಂತಲ್ಲೇ ನಿಂತಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಗದ್ದಲ. ಆರನೇ ಮಹಡಿಯ ಶಂಕ್ರಮ್ಮ ಸೌಟು ಹಿಡಿದುಕೊಂಡೇ ಬಂದಿದ್ದರು. ಹಿಂದೆ ನಾಲ್ಕೈದು ಹೆಂಗಸರು.

“ಏನ್ ಹಚ್ಚೀಯೋ ಯಪ್ಪಾ ಮ್ಯಾಲ? ನೀ ಮಾತಾಡಿದಾಗೊಮ್ಮೆ ನಮ್ಮ ಟಿವ್ಯಾಗ ಗೀಟು ಬೀಳಾಕತ್ತಾವ. ಆಕಿ ವಿಷದ ಬಟ್ಟಲಾ ಅತ್ತಿಗೆ ಕೊಟ್ಟಳೋ ಗಂಡಗ ಕೊಟ್ಟಳೋ, ಒಂದೂ ಕಾಣಲಿಲ್ಲ.”

ಅಂಬಾದಾಸ ಸೂರ್ಯನಾರಾಯಣರ ಮುಖ ನೋಡಿದ. ಅವರು ಆಗಲೇ ಹೆಂಗಸರ ಕಡೆ ಸರಿದು ನಿಂತಿದ್ದರು.

“ಇಷ್ಟು ಪವರ್ ಬ್ಯಾಡ ಅಂತ ನಾ ಆವಾಗ್ಲೇ ಹೇಳ್ದೆ ನೋಡ್ರಿ” ಎಂದರು. “ಈಗಿನವರು ಅನುಭವಸ್ಥರ ಮಾತು ಎಲ್ಲಿ ಕೇಳತಾರ?”

ಹತ್ತು ನಿಮಿಷದಲ್ಲಿ ಸರಿಯಾಗದಿದ್ದರೆ ಕೋಣೆಯ ಮೇನ್ ಸ್ವಿಚ್ಚನ್ನೇ ತೆಗೆಯುವುದೆಂದು ಮಾಳಿಗೆಯ ಮೇಲೆಯೇ ಸಂಘದ ತೀರ್ಮಾನವಾಯಿತು. ಅಂಬಾದಾಸ ಪವರನ್ನು ಮೊದಲಿದ್ದಲ್ಲಿಗೆ ಇಳಿಸಿದ. ಶಂಕ್ರಮ್ಮ ಕೆಳಗೆ ಹೋಗಿ, ಗೀಟು ಹೋದವು, ಆದರೆ ಧಾರಾವಾಹಿಯೂ ಮುಗಿಯಿತೆಂದು ಕಿಟಕಿಯಿಂದ ಕೂಗಿ ಹೇಳಿದರು. ಗಂಟೆ ನಾಲ್ಕಾಗಿತ್ತು.

ಧನಶ್ರೀ ಸೆಟ್ಟಿನಲ್ಲಿ ಕರೆದಳು. “ಅಂಬಾದಾಸಣ್ಣ, ಸಾಹೇಬರು ಮೂರು ಸಲ ಕೇಳಿದ್ರು. ಏನಂತ ಹೇಳ್ಲಿ?”

“ಮಾಡಾಕತ್ತಾನ ಅಂತ ಹೇಳವ್ವಾ.”

ತಗಡಿನ ಕೋಣೆ ರೊಟ್ಟಿಯ ಹಂಚಿನಂತೆ ಕಾದಿತ್ತು. ಅಂಬಾದಾಸ ನೆಲಕ್ಕೆ ಕೂತು ಐದೂ ಪೆಟ್ಟಿಗೆಗಳನ್ನು ದಿಟ್ಟಿಸಿದ. ಅದೇ ಗಾಡಿ, ಅದೇ ಜಾಗ. ಒಮ್ಮೆ ಕೇಳುತ್ತದೆ, ಒಮ್ಮೆ ಇಲ್ಲ. ಹಾಗಾದರೆ ಬದಲಾಗುತ್ತಿರುವುದು ಏನು?

ಆಗ ಹೊಳೆಯಿತು. ಡ್ರೈವರ್ ಗುಂಡಿ ಒತ್ತಿದಾಗ ಐದರಲ್ಲಿ ಯಾವ ಪೆಟ್ಟಿಗೆ ಬಿಡುವಾಗಿದೆಯೋ ಅದು ಅವನ ಮಾತು ಎತ್ತಿಕೊಳ್ಳುತ್ತದೆ. ಪ್ರತಿ ಸಲ ಬೇರೆ ಬೇರೆ. ಐದು ಮಂದಿ ಅಣ್ಣತಮ್ಮಂದಿರ ಮನೆಯ ಬಾಗಿಲು ತಟ್ಟಿದ ಹಾಗೆ, ಯಾರು ಬಂದು ತೆಗೆಯುತ್ತಾರೋ ಹೇಳಲಾಗದು. ಐವರಲ್ಲಿ ಒಬ್ಬನಿಗೆ ಕಿವಿ ಮಂದವಾಗಿರಬೇಕು. ಹತ್ತಿರದವರು ಕೂಗಿದರೆ ಅವನಿಗೂ ಕೇಳೀತು, ದೂರದವರ ದನಿ ಮಾತ್ರ ಮುಟ್ಟದು.

ನಾಲ್ಕನ್ನು ಬಂದ್ ಮಾಡಿ ಒಂದನ್ನೇ ಇಟ್ಟು ಹುಲಗೇಶನನ್ನು ಎಣಿಸಲು ಹೇಳಿದ. ಮೊದಲನೆಯದು ಸರಿ. ಎರಡನೆಯದೂ ಸರಿ.

“ಅಣ್ಣಾ, ಗಿರಾಕಿ ಸಿಟ್ಟಿಗೆದ್ದಾರ” ಎಂದ ಹುಲಗೇಶ. “ನಾವು ಪ್ಲಾಟ್ ನೋಡಾಕ ಬಂದೀವಿ, ನೀ ಮಗ್ಗಿ ಹೇಳಾಕತ್ತೀಯಲ್ಲ ಅಂತಾರ.”

“ಇನ್ನೊಂದ ಸಲ, ಹುಲಗೇಶ. ನನ್ನ ನೌಕರಿ ನಿನ್ನ ಬಾಯಾಗ ಐತಿ.”

ಮೂರನೆಯದರಲ್ಲಿ ಸಾಸಿವೆ ಸಿಡಿಯಿತು.

ಅಂಬಾದಾಸ ಮೂರನೇ ಪೆಟ್ಟಿಗೆಯ ಬೆನ್ನಿಗೆ ಕೈ ಹಾಕಿದ. ಪ್ರತಿ ಪೆಟ್ಟಿಗೆಗೂ ಆಂಟೆನಾದಿಂದ ಇಳಿದು ಬಂದ ಎರಡು ಕೇಬಲ್, ಕೇಳಲು ಒಂದು, ಆಡಲು ಒಂದು. ಕೇಳುವ ಕೇಬಲ್ಲಿನ ತುದಿ ಬೆರಳು ತಾಗಿದ್ದೇ ಅಲುಗಾಡಿತು. ಅರ್ಧ ಸುತ್ತು ತಿರುಗಿಸಿ ಬಿಟ್ಟಂತಿತ್ತು. ಬಿಟ್ಟವನೂ ಅವನೇ. ಭಾನುವಾರ ಇದನ್ನು ಬಿಗಿಯುತ್ತಿದ್ದಾಗಲೇ ಸೂರ್ಯನಾರಾಯಣರು ಬಂದು, ತಮ್ಮ ಮನೆಯ ಕಾಲಿಂಗ್ ಬೆಲ್ ಯಾಕೋ ಸದ್ದು ಮಾಡುತ್ತಿಲ್ಲ, ಒಂದು ನಿಮಿಷ ನೋಡು ಎಂದು ಕೆಳಗೆ ಕರೆದೊಯ್ದಿದ್ದರು. ತಿರುಗಿ ಬಂದವನು ನಾಲ್ಕನೆಯದಕ್ಕೆ ಕೈ ಹಚ್ಚಿದ್ದ. ಅಂಬಾದಾಸ ಹಲ್ಲು ಕಚ್ಚಿ ತುದಿಯನ್ನು ಬಿಗಿದ.

ಹುಲಗೇಶ ಹತ್ತರ ತನಕ ಎಣಿಸಿದ. ಪಕ್ಕದಲ್ಲೇ ಕೂತು ಎಣಿಸಿದಂತಿತ್ತು. ಹಿಂದಿನ ಸೀಟಿನ ಗಿರಾಕಿ ಬೈಯುವುದೂ ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಇಂಪಾದ ಬೈಗುಳವನ್ನು ಅಂಬಾದಾಸ ಜನ್ಮದಲ್ಲಿ ಕೇಳಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿತ್ತು. ಅಂಬಾದಾಸ ಐದೂ ಪೆಟ್ಟಿಗೆ ಚಾಲೂ ಮಾಡಿ, ಬಾಗಿಲಿಗೆ ಬೆನ್ನು ಕೊಟ್ಟು, ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಇನ್ಯಾವುದಾದರೂ ತುದಿ ಸಡಿಲವಿದ್ದರೆ? ಎದ್ದು ಹೋಗಿ ಹತ್ತೂ ತುದಿಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ ಬಂದ.

ಸರಿಯಾಗಿ ಐದಕ್ಕೆ ಸಾಹೇಬರ ದನಿ ಬಂತು. ಎಲ್ಲರಿಗೂ ತಿಳಿಯಲೆಂದು ಹೈದರಾಬಾದಿ ಹಿಂದಿಯಲ್ಲಿ, ತಡೆತಡೆದು ಮಾತಾಡಿದರು. ಭಾಯಿಯೋಂ, ಬಾಯಿಂದ ಬಾಯಿಗೆ ಹೋದರೆ ಸುದ್ದಿ ಕೆಡುತ್ತದೆ, ಅದಕ್ಕೇ ನಿಮಗೆಲ್ಲ ಒಮ್ಮೆಲೇ ಹೇಳುತ್ತಿದ್ದೇನೆ. ಬರುವ ಕರೆಗೆ ಮೊಬೈಲ್ ಕಂಪನಿಯವರು ಈಗ ದುಡ್ಡು ಕೇಳುವುದಿಲ್ಲ. ಅವರ ಜೊತೆ ನಿನ್ನೆ ಮಾತು ಮುಗಿಯಿತು. ಸೋಮವಾರದಿಂದ ಒಬ್ಬೊಬ್ಬರಿಗೂ ಒಂದು ಮೊಬೈಲ್. ರೇಡಿಯೊ ಬಂದ್. ಗಾಡಿಯ ಸೆಟ್ಟುಗಳನ್ನು ಆಫೀಸಿಗೆ ತಂದು ಒಪ್ಪಿಸಬೇಕು. ಕೇಳಿಸಿದವರು ಒಬ್ಬೊಬ್ಬರಾಗಿ ಹೇಳಿ.

ಒಂದನೇ ಗಾಡಿ ಕೇಳಿಸಿತು ಎಂದಿತು. ಎರಡನೆಯದು, ಮೂರನೆಯದು. ಬಾಲಾನಗರದಿಂದ, ನಾಚಾರಂನಿಂದ, ಮೆಹದಿಪಟ್ಟಣಂನಿಂದ. ಅರ್ಧ ತಾಸಿನಲ್ಲಿ ನೂರಾ ಇಪ್ಪತ್ತೂ ಗಾಡಿ ಹೇಳಿ ಮುಗಿಸಿದವು. ಒಂದೂ ತಪ್ಪಲಿಲ್ಲ.

ಆಮೇಲೆ ಸಾಹೇಬರು ಕನ್ನಡದಲ್ಲಿ ಅವನನ್ನೇ ಕರೆದರು. “ಶಾಬಾಸ್ ಅಂಬಾದಾಸ. ಮಾತು ಉಳಿಸಿಕೊಂಡಿ. ನಾಳೆ ಮುಂಜಾನೆ ಬಂದು ಗಾಡಿಯಾಗಿನ ಸೆಟ್ ಬಿಚ್ಚಲಿಕ್ಕೆ ಸುರು ಮಾಡು. ಅದು ಮುಗಿದ ಮ್ಯಾಲ ಆಫೀಸಿನಾಗ ಲೆಕ್ಕ ಚುಕ್ತಾ ಮಾಡಿಸ್ಕೋ.”

ಅಂಬಾದಾಸ ಎದ್ದು ಕೋಣೆಗೆ ಬೀಗ ಹಾಕಿದ. ಕೈಯಲ್ಲಿದ್ದ ಸೆಟ್ಟಿನೊಳಗಿಂದ ಹುಲಗೇಶನ ದನಿ ಮೆಲ್ಲಗೆ ಬಂತು.

“ಅಣ್ಣಾ, ಸಾಹೇಬ್ರು ಕಡೀಕ ಹೇಳಿದ್ದು ನಿನಗ ಕೇಳಿಸ್ತೋ ಇಲ್ಲೋ? ಇಲ್ಲಿ ಭಾಳ ಸ್ವಚ್ಛ ಬಂತು. ಬೇಕಂದ್ರ ನಾ ಇನ್ನೊಮ್ಮೆ ಹೇಳ್ತೀನಿ.”

ಅಂಬಾದಾಸ ಗುಂಡಿ ಒತ್ತಿದ.

“ಬ್ಯಾಡಪಾ” ಎಂದ. “ಒಮ್ಮೆ ಸಾಕು.”